ಉಪ್ಪಾಗೆ ಕೊಯ್ಲಿನಲ್ಲಿ ಸಿಂಗಳೀಕದ ಪಾಲು

ನಮ್ಮದು ಸಿದ್ದಾಪುರ ತಾಲೂಕಿನ ಘಟ್ಟದಂಚಿನ ಊರು. ಕೆಳಗೆ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದರಾಚೆ ಅಘನಾಶಿನಿ ಕಣಿವೆಯ ಕಾಡು. ಮಳೆಗಾಲದಲ್ಲಿ ಉಪ್ಪಾಗೆ ಅನ್ನುವ ಕಾಡುಮರದ ಹುಳಿಹಣ್ಣು ಹೆಕ್ಕುವುದು ಮೊದಲಿಂದಲೂ ಇದ್ದ ಕೆಲಸ. ಸಿಪ್ಪೆ ಅಡುಗೆಯ ಹುಳಿಗೆ, ಬೀಜ ತುಪ್ಪದಂಥ ಎಣ್ಣೆ ತೆಗೆಯಲು. ತೂಕ ಇಳಿಸುವ ಮಾತ್ರೆಗೆ ಈ ಸಿಪ್ಪೆ ಬೇಕು ಅಂತ ಹೊರದೇಶದಿಂದ ಬೇಡಿಕೆ ಬಂದಿತು ನೋಡಿ, ಆಮೇಲೆ ಎಲ್ಲರಿಗೂ ಅವಸರ.

ನಾನೂ ಏನು ಕಮ್ಮಿಯಿರಲಿಲ್ಲ. ಹಣ್ಣಾಗುವ ತನಕ ಕಾದರೆ ಬೇರೆಯವರು ಕೊಯ್ದುಬಿಡುತ್ತಾರೆ ಅಂತ ಜೂನ್‌ನಲ್ಲೇ ಹಸಿರು ಕಾಯಿ ಉದುರಿಸುತ್ತಿದ್ದೆ. ಕೈಗೆ ಸಿಗದ ಕೊಂಬೆಯನ್ನು ಕತ್ತಿಯಿಂದ ಕಡಿದು ಕೆಡವಿದ್ದೂ ಇದೆ. ಎಳೆಕಾಯಿಯ ಸಿಪ್ಪೆ ಒಣಗಿದರೆ ತೂಕವೇ ಇಲ್ಲ. ಕಡಿದ ಕೊಂಬೆಯಲ್ಲಿ ಮರುವರ್ಷ ಕಾಯಿಯೂ ಇಲ್ಲ.

ಒಂದು ಬೆಳಿಗ್ಗೆ ಮಳೆ ಹೊಳವಾಗಿತ್ತು. ಮರದ ಮೇಲೆ ಸಿಂಗಳೀಕದ ಹಿಂಡು. ಹೊಟ್ಟೆಗೆ ಮರಿ ಅಂಟಿಸಿಕೊಂಡಿದ್ದ ತಾಯಿಯೊಂದು ಹಳದಿ ಹಣ್ಣು ಕಿತ್ತು ಮೂಸಿತು. ಹಲ್ಲಿನಿಂದ ಸಿಪ್ಪೆ ಸೀಳಿ ಒಳಗಿನ ತಿರುಳನ್ನಷ್ಟೇ ಬಾಯಿಗೆ ಹಾಕಿಕೊಂಡಿತು. ಸಿಪ್ಪೆ ಬಂದು ನನ್ನ ಕಾಲ ಹತ್ತಿರ ಬಿತ್ತು. ಅದಕ್ಕೆ ಬೇಡದ್ದೇ ನನಗೆ ಬೇಕಾದದ್ದು! ಮತ್ತೆ ಜಗಳ ಯಾಕೆ?

ಮರುವರ್ಷದಿಂದ ಹಣ್ಣು ಹಳದಿಯಾಗದೆ ಮರ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಬಿದ್ದದ್ದನ್ನು ಹೆಕ್ಕುವುದು, ಕೆಳಗಿನ ಕೊಂಬೆಯದನ್ನು ದೋಟಿಯಲ್ಲಿ ಕೊಯ್ಯುವುದು. ತುದಿಯದು ಅವುಗಳಿಗೆ. "ಮಂಗಂಗೂ ಪಾಲನ ತಮಾ?" ಅಂತ ಅಪ್ಪಯ್ಯ ನಕ್ಕ. ಕಷ್ಟ ಆದದ್ದು ಅಕ್ಕಪಕ್ಕದವರನ್ನು ಒಪ್ಪಿಸುವುದು. ನಾನೊಬ್ಬನೇ ಕಾದರೆ ಸುಮ್ನೆ ಬೇರೆಯವರಿಗೆ ಬಿಟ್ಟುಕೊಟ್ಟಂತೆ. ಐದು ಮನೆಯವರು ಕೂತು, ಇಂಥ ದಿನಕ್ಕೆ ಮೊದಲು ಯಾರೂ ಹೋಗಬಾರದು ಅಂತ ಮಾತಾಡಿಕೊಂಡೆವು. ಎರಡು ವರ್ಷ ಮಾತು ಮುರಿಯಿತು. ಮೂರನೆಯ ವರ್ಷ ನಿಂತಿತು. 2011ರಲ್ಲಿ ಈ ಕಣಿವೆಯನ್ನು ಸಿಂಗಳೀಕ ಸಂರಕ್ಷಿತ ಪ್ರದೇಶ ಅಂತ ಸರ್ಕಾರ ಘೋಷಿಸಿದೆ, ನಿಜ. ಆದರೆ ಮರದ ಬುಡದಲ್ಲಿ ದಿನಾ ನಿಲ್ಲುವವರು ನಾವೇ ತಾನೇ.

ಕೊಯ್ಲಿಗಿಂತ ಜಾಸ್ತಿ ಕಾಡು ತಿನ್ನುವುದು ಒಣಗಿಸುವ ಕೆಲಸ. ಮಳೆಗಾಲ, ಬಿಸಿಲಿಲ್ಲ. ತೆರೆದ ಒಲೆಯ ಮೇಲಿನ ಅಟ್ಟಕ್ಕೆ ಹಗಲು ರಾತ್ರಿ ಸೌದೆ ಬೇಕು. ನಾನು ಮಣ್ಣಿನ ಗೋಡೆ ಕಟ್ಟಿ, ಹೊಗೆ ಹೋಗಲು ಕೊಳವೆ ಇಟ್ಟು, ತಂತಿ ಬಲೆಯ ನಾಲ್ಕು ತಟ್ಟೆ ಜೋಡಿಸಿದೆ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಹಾಕಿದರೂ ಉರಿಯುತ್ತದೆ. ಮೊದಲ ಸಲ ಆಸೆಗೆ ಬಿದ್ದು ತಟ್ಟೆ ತುಂಬ ಒತ್ತಿ ಹರಡಿದೆ. ನಡುವಿನದು ಬೂಸ್ಟು ಹಿಡಿದು ಪೂರಾ ಗೊಬ್ಬರದ ಗುಂಡಿಗೆ ಹೋಯಿತು. ಈಗ ಒಂದೇ ಪದರ, ಬೆನ್ನು ಮೇಲಾಗಿ.

ಬೆಟ್ಟದಲ್ಲಿ ಹೊಸ ಗಿಡವನ್ನೂ ಇಟ್ಟಿದ್ದೇನೆ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ. ಬೀಜದ ಸಸಿ ನೆಟ್ಟರೆ ಯಾವುದೆಂದು ಹೂ ಬಿಡುವವರೆಗೆ ತಿಳಿಯದು. ಹಾಗಾಗಿ ಕಾಯಿ ಬಿಡುವ ಮರದ ಚಿಗುರಿನಿಂದ ಹನ್ನೊಂದು ಕಸಿ ಕಟ್ಟಿದೆ. ಎಂಟು ಬದುಕಿವೆ. ಒಂದಕ್ಕೆ ನೆಟ್ಟಗಿನ ಚಿಗುರು ಸಿಗಲಿಲ್ಲ ಅಂತ ಅಡ್ಡ ಕೊಂಬೆಯದನ್ನೇ ಕಟ್ಟಿದ್ದೆ. ಅದು ಮೇಲೇಳುವುದೇ ಇಲ್ಲ, ಬಳ್ಳಿಯ ಹಾಗೆ ನೆಲಕ್ಕೇ ಹರಡಿದೆ. ಅಪ್ಪಯ್ಯನಿಗೆ ಅದೇ ಇಷ್ಟ. ಕೂತಲ್ಲೇ ಕೊಯ್ಯಬಹುದಂತೆ.