ಹೊಸ ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ನಿಂತುಹೋಗಿತ್ತು, ಹೀಗೆ ಸರಿಮಾಡಿದೆ
ಕಲಬುರಗಿಯಲ್ಲಿ ಲ್ಯಾಪ್‌ಟಾಪ್ ತಗೊಂಡಾಗ ಅಂಗಡಿಯವರು ‘ಎಲ್ಲಾ ಇದರಲ್ಲೇ ಇದೆ’ ಅಂದಿದ್ದರು. ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಹಣ ಕಟ್ಟಿ ಅಂತ ಬಂತು; ಅಪ್ಪನ ತೊಗರಿ ಲೆಕ್ಕದ ಎಕ್ಸೆಲ್ ಫೈಲ್ ತೆರೆಯುತ್ತಿತ್ತು, ಆದರೆ ಒಂದು ಅಂಕಿ ತಿದ್ದೋಕೂ ಬಿಡಲಿಲ್ಲ. ರಾಶಿ ಮಾರೋ ಸಮಯ ಬೇರೆ, ತುಂಬಾ ಬೇಜಾರಾಯಿತು.

ವಿಷಯ ಏನಂದ್ರೆ ಲ್ಯಾಪ್‌ಟಾಪ್ ನಡೆಸೋ ವಿಂಡೋಸ್ ಬೇರೆ, ಎಕ್ಸೆಲ್ ಇರೋ ಆಫೀಸ್ ಬೇರೆ. ವಿಂಡೋಸ್ ಜೊತೆ ಸರಳವಾಗಿ ಬರೆಯೋಕೆ ನೋಟ್‌ಪ್ಯಾಡ್ ಬರುತ್ತದೆ. ವರ್ಡ್‌ಪ್ಯಾಡ್ ಇತ್ತು, ಅದನ್ನೂ 2024ರ ವಿಂಡೋಸ್ 11 ಅಪ್‌ಡೇಟ್‌ನಲ್ಲಿ ತೆಗೆದರು. ಕೆಲವು ಲ್ಯಾಪ್‌ಟಾಪ್‌ಗಳಿಗೆ ಪೂರ್ತಿ ಆಫೀಸ್ ಸೇರಿಸಿಯೇ ಮಾರುತ್ತಾರೆ, ಕೊಳ್ಳುವ ಮುಂಚೆ ಕೇಳಿ ನೋಡಿ. ನಮ್ಮದರಲ್ಲಿ ಇದ್ದದ್ದು ಬರೀ ಟ್ರಯಲ್, ಅಂದ್ರೆ ಸ್ವಲ್ಪ ದಿನ ಬಳಸಿ ನೋಡೋಕೆ ಕೊಟ್ಟದ್ದು.

ಆಫೀಸ್ ತರಹದ್ದೇ ಇರೋ ಲಿಬ್ರೆಆಫೀಸ್ ಅನ್ನು ಅದರದೇ ಸೈಟಿನಿಂದ ಇಳಿಸಿಕೊಂಡೆ, ಪೂರ್ತಿ ಉಚಿತ. ಅದೇ ಫೈಲ್ ತೆರೆಯಿತು, ಕ್ವಿಂಟಲ್ ಸಾಲು ಸರಿಯಾಗಿ ಕೂಡಿ ಬಂತು. ಸೇವ್ ಮಾಡುವಾಗ ಮಾತ್ರ ಎಕ್ಸೆಲ್ ಫೈಲ್ ಮಾದರಿಯನ್ನೇ (.xlsx) ಆರಿಸಿ.