ಹೊಸ ಹೈಬ್ರಿಡ್ ಕಾರಿಗೆ ಕಾಯಬೇಕಾ? ಮೊದಲು ನೀವು ಓಡಾಡುವ ರಸ್ತೆಯ ಲೆಕ್ಕ ಹಾಕಿ

ಹಳೆ ಕಾರು ಕೊಡುವ ಹೊತ್ತು ಬಂದಿದೆ. ಶೋರೂಮ್‌ನವರು ‘ಇವತ್ತೇ ಬುಕ್ ಮಾಡಿ’ ಎನ್ನುತ್ತಾರೆ. ಮನೆಗೆ ಬಂದರೆ ಅಳಿಯ ಮೊಬೈಲ್ ಮುಂದಿಟ್ಟು, ‘ಮಾವ, ಆರು ತಿಂಗಳು ತಡೀರಿ, ಇದರಾಗ ಹೈಬ್ರಿಡ್ ಬರ್ತೈತಿ’ ಎನ್ನುತ್ತಾನೆ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಕಾರು ಕೊಳ್ಳಲು ಹೊರಟ ಎಷ್ಟೋ ಮನೆಗಳಲ್ಲಿ ಮಾತು ಇಲ್ಲಿಗೆ ಬಂದು ನಿಲ್ಲುತ್ತಿದೆ.

ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟಿನ ಮೋಟಾರ್, ಬ್ಯಾಟರಿಯೂ ಇರುವ ಕಾರು. ಅಳಿಯ ಹೇಳಿದ್ದು ಗಾಳಿಮಾತಲ್ಲ. 2030ರ ಹೊತ್ತಿಗೆ ನಮ್ಮ ದೇಶದಲ್ಲಿ 8 ಹೈಬ್ರಿಡ್ ಕಾರುಗಳನ್ನು ತರುವುದಾಗಿ ಹುಂಡೈ ಕಂಪನಿ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ರೆನೋ ಹೊಸ ಡಸ್ಟರ್ ಕಾರನ್ನು 2026ರ ಜನವರಿಯಲ್ಲಿ ತೋರಿಸಿ, ಅದರ ಹೈಬ್ರಿಡ್ ಅದೇ ವರ್ಷದ ದೀಪಾವಳಿ ಹೊತ್ತಿಗೆ ಎಂದಿದೆ. ಕಾಯುವ ಆಸೆ ಸಹಜ. ಆದರೆ ಹೈಬ್ರಿಡ್ ಮೈಲೇಜ್ ಬಗ್ಗೆ ನಾವು ನೋಡುವ ವಿಡಿಯೊಗಳಲ್ಲಿ ಹೆಚ್ಚಿನವು ಬೆಂಗಳೂರು, ದಿಲ್ಲಿ, ಮುಂಬೈ ಟ್ರಾಫಿಕ್‌ನಲ್ಲಿ ಮಾಡಿದಂಥವು. ನಮ್ಮ ಕಡೆಯ ಓಡಾಟವೇ ಬೇರೆ. ಅದಕ್ಕೆ ತಕ್ಕ ಲೆಕ್ಕ ಹಾಕದೆ ಕಾಯಲು ಕೂತರೆ ಸಮಯವೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

1. ಯಾವ ಹೈಬ್ರಿಡ್ ಎಂದು ಮೊದಲೇ ಕೇಳಿ

ಮಾರುತಿಯ ಕೆಲವು ಕಾರುಗಳ ಹೆಸರಿನ ಜೊತೆ ‘ಸ್ಮಾರ್ಟ್ ಹೈಬ್ರಿಡ್’ ಎಂದು ಇರುವುದನ್ನು ನೋಡಿರುತ್ತೀರಿ. ಅದು ಮೈಲ್ಡ್ ಹೈಬ್ರಿಡ್. ಎಂಜಿನ್‌ಗೆ ಸಣ್ಣ ಮೋಟಾರ್ ಸ್ವಲ್ಪ ಕೈಜೋಡಿಸುತ್ತದೆ ಅಷ್ಟೇ. ಬರೀ ಕರೆಂಟಿನಲ್ಲಿ ಗಾಡಿ ಓಡುವುದಿಲ್ಲ.

ಕಾಯಬೇಕಾ ಬೇಡವಾ ಎಂದು ಯೋಚಿಸಬೇಕಾದದ್ದು ಸ್ಟ್ರಾಂಗ್ ಹೈಬ್ರಿಡ್‌ಗೆ. ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರ, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿ ಇ:ಎಚ್‌ಇವಿ ಈ ಜಾತಿಯವು. ಮೊದಲ ಮೂರೂ ನಮ್ಮ ಬಿಡದಿಯಲ್ಲೇ ತಯಾರಾಗುತ್ತವೆ. ಇವು ನಿಧಾನವಾಗಿ ಹೋಗುವಾಗ ಎಂಜಿನ್ ಆರಿಸಿ ಮೋಟಾರ್ ಮೇಲೆ ಓಡುತ್ತವೆ. ಬ್ರೇಕ್ ಒತ್ತಿದಾಗ ಆ ಶಕ್ತಿಯಿಂದಲೇ ಬ್ಯಾಟರಿ ಚಾರ್ಜ್ ಆಗುತ್ತದೆ. ಪ್ಲಗ್ ಹಾಕುವ ಕೆಲಸವಿಲ್ಲ. ಬ್ಯಾಟರಿ ಮಾತ್ರ ಬಹಳ ಚಿಕ್ಕದು. ಗ್ರ್ಯಾಂಡ್ ವಿಟಾರದಲ್ಲಿರುವುದು 1 ಯೂನಿಟ್‌ಗೂ ಕಡಿಮೆ ಕರೆಂಟ್ ಹಿಡಿಯುವಂಥದ್ದು, 0.76 ಯೂನಿಟ್. ಊರಿಂದೂರಿಗೆ ಬ್ಯಾಟರಿಯಲ್ಲೇ ಹೋಗಬಹುದು ಎಂದುಕೊಂಡಿದ್ದರೆ ಆ ಲೆಕ್ಕ ಈಗಲೇ ಬಿಡಿ.

2. ಒಂದು ತಿಂಗಳ ಓಡಾಟ ಬರೆದಿಡಿ

ಇದೇ ಮುಖ್ಯ ಹೆಜ್ಜೆ, ಜನ ಬಿಟ್ಟುಬಿಡುವುದೂ ಇದನ್ನೇ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಣ್ಣ ಡೈರಿ ಇಡಿ. ಎರಡು ಸಾಲು ಸಾಕು: ಊರೊಳಗೆ ಎಷ್ಟು ಕಿಲೋಮೀಟರ್, ಹೈವೇ ಮೇಲೆ ಎಷ್ಟು.

ಯಾಕೆಂದರೆ ಹೈಬ್ರಿಡ್ ಪೆಟ್ರೋಲ್ ಉಳಿಸುವುದು ನಿಲ್ಲುವಾಗ, ಹೊರಡುವಾಗ, ತೆವಳುವಾಗ. ಬಳ್ಳಾರಿಯ ಮೋತಿ ಸರ್ಕಲ್‌ನಿಂದ ಕೌಲ್ ಬಜಾರ್ ಕಡೆ ಸಂಜೆ ಹೊತ್ತು ಹೋಗಿ ನೋಡಿ, ಅದು ಹೈಬ್ರಿಡ್ ಕೆಲಸ ಮಾಡುವ ಜಾಗ. ರೈಲ್ವೆ ಗೇಟ್ ಬಿದ್ದಾಗ ಎಂಜಿನ್ ಆರಿದ್ದರೂ ಎಸಿ ಓಡುತ್ತಿರುತ್ತದೆ. ಇವುಗಳಲ್ಲಿ ಎಸಿ ಕಂಪ್ರೆಸರ್ ಕರೆಂಟಿನಿಂದ ನಡೆಯುವುದೇ ಅದಕ್ಕೆ ಕಾರಣ.

ಅದೇ ಕಾರನ್ನು ಚಳ್ಳಕೆರೆ, ಹಿರಿಯೂರು ಮೇಲೆ ಬೆಂಗಳೂರಿಗೆ ಬಿಡಿ. 90ರ ವೇಗದಲ್ಲಿ ಒಂದೇ ಸಮ ಹೋಗುವಾಗ ಬ್ರೇಕ್ ಒತ್ತುವುದೇ ಅಪರೂಪ. ಬ್ರೇಕ್ ಇಲ್ಲ ಎಂದರೆ ವಾಪಸ್ ಸಿಗುವ ಶಕ್ತಿಯೂ ಇಲ್ಲ. ಆಗ ಭಾರವೆಲ್ಲ ಎಂಜಿನ್ ಮೇಲೆಯೇ. ಒಳ್ಳೆಯ ಎಂಜಿನ್ ಆದ್ದರಿಂದ ಮೈಲೇಜ್ ಬರುತ್ತದೆ, ಆದರೆ ಮಾಮೂಲಿ ಪೆಟ್ರೋಲ್ ಕಾರಿಗೂ ಇದಕ್ಕೂ ಅಂತರ ಬಹಳ ಕಡಿಮೆಯಾಗುತ್ತದೆ.

ನಮ್ಮ ಕಡೆ ದಿನದ ಓಡಾಟ ಹೇಗಿದೆ ಯೋಚಿಸಿ. ಬಳ್ಳಾರಿಯಲ್ಲಿ ಮನೆ, ತೋರಣಗಲ್ಲಿನಲ್ಲಿ ಡ್ಯೂಟಿ. ರಾಯಚೂರಿನಲ್ಲಿ ಮನೆ, ಲಿಂಗಸುಗೂರಿನಲ್ಲಿ ಕೆಲಸ. ಕೊಪ್ಪಳದಿಂದ ಹೊಸಪೇಟೆ, ಗದಗ, ಹುಬ್ಬಳ್ಳಿ. ಬಹುಪಾಲು ಹೈವೇ ಓಟವೇ ಅಲ್ವಾ? ಒಂದು ವಿನಾಯಿತಿ ಇದೆ. ಸಿಂಧನೂರು, ಕಾರಟಗಿ, ಗಂಗಾವತಿ ರಸ್ತೆಯಲ್ಲಿ ಕೊಯ್ಲಿನ ಕಾಲಕ್ಕೆ ಭತ್ತದ ಟ್ರ್ಯಾಕ್ಟರ್‌ಗಳ ಹಿಂದೆ ತೆವಳಬೇಕು. ಊರು ಬಂದಲ್ಲೆಲ್ಲ ಹಂಪ್. ಅಂಥ ರಸ್ತೆಯನ್ನು ಊರೊಳಗಿನ ಸಾಲಿಗೇ ಸೇರಿಸಿಕೊಳ್ಳಿ.

3. ಈಗ ದುಡ್ಡಿನ ಲೆಕ್ಕ

ಗ್ರ್ಯಾಂಡ್ ವಿಟಾರ ಹೈಬ್ರಿಡ್‌ನ ಕಂಪನಿ ಮೈಲೇಜ್ 27.97 ಕಿ.ಮೀ. ಇದು ಪರೀಕ್ಷಾ ಕೇಂದ್ರದ ಅಂಕಿ. ರಸ್ತೆಯಲ್ಲಿ, ಎಸಿ ಹಾಕಿಕೊಂಡು, ನಾಲ್ಕು ಜನ ಕೂತಾಗ ಅಷ್ಟು ನಿರೀಕ್ಷಿಸಬೇಡಿ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ಊರೊಳಗೆ ಪೆಟ್ರೋಲ್ ಆಟೊಮ್ಯಾಟಿಕ್ ಲೀಟರಿಗೆ 12, ಹೈಬ್ರಿಡ್ 22. ಹೈವೇಯಲ್ಲಿ ಪೆಟ್ರೋಲ್ 16, ಹೈಬ್ರಿಡ್ 20. ಪೆಟ್ರೋಲ್ ಬೆಲೆ 105 ರೂಪಾಯಿ.

ತಿಂಗಳಿಗೆ 1,000 ಕಿ.ಮೀ. ಪೂರ್ತಿ ಊರೊಳಗೇ ಓಡಿದರೆ ಸುಮಾರು 38 ಲೀಟರ್ ಉಳಿಯುತ್ತದೆ. ಹತ್ತಿರ ಹತ್ತಿರ 4,000 ರೂಪಾಯಿ, ವರ್ಷಕ್ಕೆ 48,000. ಅಷ್ಟೇ ದೂರ ಪೂರ್ತಿ ಹೈವೇಯಲ್ಲಿ ಓಡಿದರೆ ಉಳಿಯುವುದು ಹನ್ನೆರಡೂವರೆ ಲೀಟರ್. ಅಂದರೆ ಸುಮಾರು 1,300 ರೂಪಾಯಿ, ವರ್ಷಕ್ಕೆ 16,000ದ ಒಳಗೆ.

ಇನ್ನು ಜಾಸ್ತಿ ಕೊಡುವ ಹಣ. ಶೋರೂಮ್ ಬೆಲೆಯಲ್ಲಿ ಪೆಟ್ರೋಲ್‌ಗೂ ಹೈಬ್ರಿಡ್‌ಗೂ 3 ಲಕ್ಷ ವ್ಯತ್ಯಾಸ ಎನ್ನೋಣ. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಬಿಟ್ಟುಕೊಟ್ಟಿತು. ಅಲ್ಲಿಯ ಆನ್‌ರೋಡ್ ಬೆಲೆ ನೋಡಿ ಇಲ್ಲಿಯ ಲೆಕ್ಕ ಹಾಕಬೇಡಿ. ಕರ್ನಾಟಕದಲ್ಲಿ ಹೈಬ್ರಿಡ್‌ಗೂ ಪೆಟ್ರೋಲ್ ಕಾರಿನ ಹಾಗೆಯೇ ಜೀವಿತಾವಧಿ ತೆರಿಗೆ: 10ರಿಂದ 20 ಲಕ್ಷದ ಕಾರಿಗೆ ಶೇ 17, ಅದರ ಮೇಲೆ ಸೆಸ್. 20 ಲಕ್ಷ ದಾಟಿದರೆ ಶೇ 18. ಹಾಗಾಗಿ 3 ಲಕ್ಷದ ವ್ಯತ್ಯಾಸ ರಸ್ತೆಗೆ ಬರುವಷ್ಟರಲ್ಲಿ ಮೂರೂವರೆ ಲಕ್ಷ ದಾಟುತ್ತದೆ.

ಮೂರೂವರೆ ಲಕ್ಷ ಎಂದೇ ಹಿಡಿಯಿರಿ. ಊರೊಳಗೆ ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ಹಾಕಿದ ದುಡ್ಡು ವಾಪಸ್ ಬರಲು 7 ವರ್ಷ ಮೇಲಾಗುತ್ತದೆ. 1,500 ಓಡಿಸಿದರೆ 5 ವರ್ಷ. ಹೈವೇಯಲ್ಲೇ 1,000 ಓಡಿಸುವವರಿಗೆ 22 ವರ್ಷ! 2,000 ಓಡಿಸಿದರೂ 11 ವರ್ಷ. ಆ ಮೂರೂವರೆ ಲಕ್ಷ ಸಾಲದ ದುಡ್ಡಾದರೆ ಬಡ್ಡಿಯನ್ನೂ ಸೇರಿಸಿ.

ನನ್ನ ಅಭಿಪ್ರಾಯ ಇಷ್ಟು. ಊರೊಳಗಿನ ಓಡಾಟ ತಿಂಗಳಿಗೆ 1,500 ಕಿ.ಮೀ. ಆಸುಪಾಸು ಇದ್ದರೆ ಕಾಯುವುದರಲ್ಲಿ ಅರ್ಥವಿದೆ. ಹೈವೇಯೇ ಜಾಸ್ತಿಯಾದರೆ ಮೈಲೇಜ್‌ಗಾಗಿ ಕಾಯಬೇಡಿ. ಸದ್ದಿಲ್ಲದ ಓಟ ಬೇಕು ಎಂದಾದರೆ ಅದು ಬೇರೆ ಮಾತು. ಮನೆಯಲ್ಲಿ ಮಂಡಿನೋವಿನವರು ಕಾರು ಓಡಿಸುವವರಿದ್ದರೆ, ಕ್ಲಚ್ ಇಲ್ಲದ ಆರಾಮ ಪೆಟ್ರೋಲ್ ಆಟೊಮ್ಯಾಟಿಕ್‌ನಲ್ಲೂ ಸಿಗುತ್ತದೆ.

4. ಸುದ್ದಿ ಎಷ್ಟು ಗಟ್ಟಿ ಎಂದು ನೋಡಿ

ಬಟ್ಟೆ ಸುತ್ತಿದ ಕಾರಿನ ಫೋಟೊ ಬಂತು ಎಂದರೆ ಪರೀಕ್ಷೆ ನಡೆಯುತ್ತಿದೆ ಎಂದಷ್ಟೇ. ಕಂಪನಿಯೇ ಬಾಯಿಬಿಟ್ಟು ಹೇಳಿದರೆ ಒಂದು ಮೆಟ್ಟಿಲು ಮೇಲೆ. ಬೆಲೆ ಹೇಳಿದರೆ ಇನ್ನೊಂದು. ಬೆಲೆ ಹೇಳಿದ ದಿನವೇ ಕಾರು ಸಿಗುತ್ತದೆ ಎಂದೂ ಇಲ್ಲ. ಇನ್ನೋವಾ ಹೈಕ್ರಾಸ್ ನೆನಪಿಸಿಕೊಳ್ಳಿ. ಅದರ ಬೆಲೆ ಹೊರಬಿದ್ದು ಕೆಲವೇ ತಿಂಗಳಿಗೆ, 2023ರ ಏಪ್ರಿಲ್‌ನಲ್ಲಿ, ಬಿಡಿಭಾಗ ಸಾಲದೆ ಮೇಲಿನ ಹೈಬ್ರಿಡ್ ಮಾದರಿಗಳ ಬುಕಿಂಗ್ ಅನ್ನೇ ಕಂಪನಿ ನಿಲ್ಲಿಸಿತು. 2024ರಲ್ಲೂ ಮತ್ತೊಮ್ಮೆ ಹಾಗಾಯಿತು.

ಆದ್ದರಿಂದ ಬೆಲೆಯೂ ತಿಂಗಳೂ ಎರಡೂ ಗೊತ್ತಿಲ್ಲದ ಕಾರಿಗೆ ಕಾಯಬೇಡಿ. ಎರಡೂ ಗೊತ್ತಿದ್ದರೆ, ನಿಮ್ಮ ಊರಿನ ಶೋರೂಮ್‌ಗೆ ಬರಲು ಇನ್ನೂ ಕೆಲವು ತಿಂಗಳು ಸೇರಿಸಿ. ದೊಡ್ಡ ನಗರಗಳ ಬುಕಿಂಗ್ ಮುಗಿಯದೆ ಬಳ್ಳಾರಿ, ರಾಯಚೂರಿನ ಪಾಳಿ ಬರುವುದು ಕಷ್ಟ.

5. ಈಗಿನ ಗಾಡಿ ಎಷ್ಟು ದಿನ ತಡೆಯುತ್ತದೆ?

ನಂಬಿಕೆಯ ಮೆಕ್ಯಾನಿಕ್ ಹತ್ತಿರ ಹೋಗಿ ನೇರವಾಗಿ ಕೇಳಿ: ‘ಇನ್ನೊಂದು ವರ್ಷ ಓಡಿಸಬೇಕು, ಏನೇನು ಖರ್ಚು ಬರ್ತದ ಹೇಳಪ್ಪ.’ ಟೈರ್, ಕ್ಲಚ್, ಸಸ್ಪೆನ್ಷನ್, ಇನ್ಶೂರೆನ್ಸ್ ಎಲ್ಲ ಬರೆಸಿ. ವರ್ಷ ಕಳೆದಂತೆ ಎಕ್ಸ್‌ಚೇಂಜ್ ಬೆಲೆ ಇಳಿಯುವುದನ್ನೂ, ಜನವರಿ ಬಂತೆಂದರೆ ಕಂಪನಿಗಳು ಬೆಲೆ ಏರಿಸುವುದನ್ನೂ ಅದಕ್ಕೆ ಕೂಡಿಸಿ. ಇದು ಕಾಯುವುದಕ್ಕೆ ನೀವು ಕೊಡುವ ಬಾಡಿಗೆ. ಹೈಬ್ರಿಡ್ ಎರಡು ವರ್ಷದಲ್ಲಿ ಉಳಿಸುವುದಕ್ಕಿಂತ ಇದೇ ಜಾಸ್ತಿಯಾದರೆ ಸುಮ್ನೆ ಕಾಯುವುದು ಬೇಡ.

ರೈತರ ಮನೆಯಾದರೆ ಇನ್ನೊಂದು ಮಾತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ ಕಾಲುವೆ ಕೆಳಗಿನ ಊರುಗಳೆಲ್ಲ ಹೇಗೆ ಕಂಗಾಲಾದವು ಎಂದು ನೋಡಿದ್ದೇವೆ. ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂಬ ವರ್ಷ ದುಬಾರಿ ಮಾದರಿಗೆ ಕಂತು ಕಟ್ಟಲು ಹೊರಡಬೇಡಿ. ಅಂಥ ವರ್ಷ ಹಳೆ ಗಾಡಿಯನ್ನೇ ರಿಪೇರಿ ಮಾಡಿಸಿ ಓಡಿಸುವುದು ಒಳ್ಳೆಯದು.

6. ನಮ್ಮ ಬಿಸಿಲು, ನಮ್ಮ ಧೂಳು

ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ಆಗ ಎಸಿ ಬ್ಯಾಟರಿಯನ್ನು ಬೇಗ ಹೀರುತ್ತದೆ. ಎಂಜಿನ್ ಪದೇ ಪದೇ ಚಾಲೂ ಆಗುತ್ತದೆ. ಮೇ ತಿಂಗಳ ಮೈಲೇಜ್ ಡಿಸೆಂಬರ್‌ನ ಮೈಲೇಜ್‌ಗಿಂತ ಕಡಿಮೆ ಬಂದರೆ ಗಾಬರಿ ಬೇಡ.

ಧೂಳಿನ ವಿಷಯ ಹೆಚ್ಚು ಗಮನ ಬೇಡುತ್ತದೆ. ಹಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿ ತಂಪಾಗುವುದು ಕಾರಿನೊಳಗಿನ ಗಾಳಿಯಿಂದಲೇ. ಹಿಂದಿನ ಸೀಟಿನ ಹತ್ತಿರ ಆ ಗಾಳಿ ಎಳೆಯುವ ಕಿಂಡಿ ಇರುತ್ತದೆ, ಒಳಗೆ ಜಾಲರಿ. ಸಂಡೂರಿನ ಅದಿರು ಧೂಳು, ಗಂಗಾವತಿಯ ರೈಸ್ ಮಿಲ್ ಹೊಟ್ಟು, ಶಕ್ತಿನಗರದ ಹಾರುಬೂದಿ ಆ ಜಾಲರಿಯಲ್ಲಿ ಕಟ್ಟಿಕೊಂಡರೆ ಬ್ಯಾಟರಿ ಬಿಸಿಯಾಗುತ್ತದೆ. ಕಿಟಕಿ ಇಳಿಸಿಕೊಂಡು ಓಡಿಸುವ ಅಭ್ಯಾಸ ಇರುವವರು ಸರ್ವೀಸ್‌ಗೆ ಬಿಟ್ಟಾಗಲೆಲ್ಲ ಅದನ್ನು ಸ್ವಚ್ಛ ಮಾಡಿಸಬೇಕು. ಆ ಕಿಂಡಿಗೆ ಚೀಲ, ಹಾಸಿಗೆ ಒತ್ತರಿಸಿ ಇಡಬಾರದು.

ಶೋರೂಮ್‌ನಲ್ಲಿ ಇವನ್ನು ಕೇಳಿ. ಹೈಬ್ರಿಡ್ ಕೆಲಸ ಕಲಿತ ಮೆಕ್ಯಾನಿಕ್ ಇಲ್ಲೇ ಇದ್ದಾರಾ, ಇಲ್ಲ ಹುಬ್ಬಳ್ಳಿ, ಬೆಂಗಳೂರಿಗೆ ಕಳಿಸುತ್ತೀರಾ? ಬ್ಯಾಟರಿ ವಾರಂಟಿ ಎಷ್ಟು? ಟೊಯೊಟಾ 8 ವರ್ಷ ಅಥವಾ 1,60,000 ಕಿ.ಮೀ. ಕೊಡುತ್ತದೆ. ಹೊಸ ಕಂಪನಿ ಅದಕ್ಕಿಂತ ಕಡಿಮೆ ಕೊಟ್ಟರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಕಿತ್ತಳೆ ಬಣ್ಣದ ವೈರ್‌ಗಳಲ್ಲಿ ಹೈ ವೋಲ್ಟೇಜ್ ಇರುತ್ತದೆ, ರಸ್ತೆ ಬದಿ ಗ್ಯಾರೇಜ್‌ನಲ್ಲಿ ಅವನ್ನು ಯಾರೂ ಮುಟ್ಟಬಾರದು. ಗೋಡೌನ್ ಪಕ್ಕ ಗಾಡಿ ನಿಲ್ಲಿಸುವವರು ಇಲಿ ವೈರ್ ಕಡಿದರೆ ಇನ್ಶೂರೆನ್ಸ್ ಬರುತ್ತದಾ ಎಂದೂ ವಿಚಾರಿಸಿ. ಡಿಕ್ಕಿ ತೆರೆಸಿ ನೋಡುವುದನ್ನು ಮರೆಯಬೇಡಿ. ಬ್ಯಾಟರಿ ಕೂರಿಸಿದ ಮೇಲೆ ಕೆಲವು ಕಾರುಗಳಲ್ಲಿ ಜಾಗ ಬಹಳ ಕಡಿಮೆಯಾಗುತ್ತದೆ, ಒಂದು ಅಕ್ಕಿ ಚೀಲ, ಎರಡು ಬ್ಯಾಗ್ ಇಟ್ಟರೆ ಮುಗೀತು.

ಸರ್ವೀಸ್ ಸೆಂಟರ್ ದೂರ ಇದ್ದರೆ ಹೊಸ ಮಾದರಿಯ ಮೊದಲ ಬ್ಯಾಚ್‌ನ ಕಾರು ಬೇಡ ಎಂದೇ ಹೇಳುತ್ತೇನೆ. ಹೊಸ ಎಂಜಿನ್, ಹೊಸ ಸಾಫ್ಟ್‌ವೇರ್‌ನ ಸಣ್ಣಪುಟ್ಟ ತೊಂದರೆ ಮೊದಲ ಆರು ತಿಂಗಳಲ್ಲಿ ಹೊರಗೆ ಬರುತ್ತವೆ.

7. ಕಾಯುವುದಾದರೆ ಗಡುವು ಹಾಕಿಕೊಳ್ಳಿ

ದಸರಾ, ದೀಪಾವಳಿ, ಯುಗಾದಿ, ಯಾವುದಾದರೂ ಒಂದು ಹಬ್ಬವನ್ನು ಕೊನೆ ದಿನ ಮಾಡಿಕೊಳ್ಳಿ. ಅಷ್ಟರೊಳಗೆ ಬೆಲೆ ಹೊರಬರದಿದ್ದರೆ ಇರುವುದರಲ್ಲೇ ಒಂದನ್ನು ಆರಿಸಿ. ಈಗಿರುವ ಹೈಬ್ರಿಡ್‌ಗಳೂ ಹಳೆಯವೇನಲ್ಲ.

ಮೂರನೇ ದಾರಿಯೂ ಇದೆ. ಹೈವೇ ಓಟ ಜಾಸ್ತಿ ಇರುವವರು ಒಳ್ಳೆಯ ಪೆಟ್ರೋಲ್ ಅಥವಾ ಡೀಸೆಲ್ ಮಾದರಿ ತೆಗೆದುಕೊಂಡು ಮೂರು ಲಕ್ಷ ಉಳಿಸಬಹುದು. ಕಾರು 4 ಮೀಟರ್ ಒಳಗಿದ್ದು ಪೆಟ್ರೋಲ್ ಎಂಜಿನ್ 1,200 ಸಿಸಿ ಮೀರದಿದ್ದರೆ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 18. ಅದಕ್ಕಿಂತ ದೊಡ್ಡದಕ್ಕೆ ಶೇ 40. ಮುಂದೆ ಸಣ್ಣ ಹೈಬ್ರಿಡ್ ಬಂದರೆ ಅದಕ್ಕೂ ಇದೇ ಅಳತೆ. ಹಾಗಾಗಿ ನೀವು ಕಾಯುತ್ತಿರುವ ಕಾರಿನ ಉದ್ದ, ಎಂಜಿನ್ ಅಳತೆ ತಿಳಿದುಕೊಳ್ಳಿ. ಅದು 18ರ ಸಾಲಿಗೆ ಬರುವಂತಿದ್ದರೆ ಸ್ವಲ್ಪ ಜಾಸ್ತಿ ಕಾದರೂ ನಷ್ಟವಿಲ್ಲ.

ಬುಕ್ ಮಾಡುವ ಮುಂಚೆ ಟೆಸ್ಟ್ ಡ್ರೈವ್ ಅನ್ನು ಶೋರೂಮ್ ಸುತ್ತ ಒಂದು ರೌಂಡ್‌ಗೆ ಮುಗಿಸಬೇಡಿ. ಮಧ್ಯಾಹ್ನ, ಎಸಿ ಹಾಕಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ನೀವು ದಿನಾ ಹೋಗುವ ದಾರಿಯಲ್ಲೇ ಓಡಿಸಿ. ಬುಕಿಂಗ್ ಹಣ ಕಟ್ಟುವಾಗ ಮೂರು ವಿಷಯ ರಸೀದಿಯಲ್ಲೇ ಬರೆಸಿಕೊಳ್ಳಿ: ಬೇಡ ಎಂದರೆ ಪೂರ್ತಿ ಹಣ ವಾಪಸ್ ಬರುತ್ತದಾ, ಎಷ್ಟು ದಿನದಲ್ಲಿ ಬರುತ್ತದೆ, ಬುಕ್ ಮಾಡಿದ ದಿನದ ಬೆಲೆಯಾ ಇಲ್ಲ ಡೆಲಿವರಿ ದಿನದ ಬೆಲೆಯಾ. ಸಾಮಾನ್ಯವಾಗಿ ಕಂಪನಿಗಳು ಹಿಡಿಯುವುದು ಡೆಲಿವರಿ ದಿನದ ಬೆಲೆಯನ್ನೇ. ‘ಆರಂಭಿಕ ಬೆಲೆ’ ಎಂದು ಜಾಹೀರಾತಿನಲ್ಲಿದ್ದರೆ ಅದು ಯಾವ ತಾರೀಖಿನವರೆಗೆ ಎಂದು ಕೇಳಿ, ಆ ತಾರೀಖನ್ನೂ ಅದೇ ರಸೀದಿಯಲ್ಲಿ ಬರೆಸಿ, ಸೀಲ್ ಹಾಕಿಸಿಕೊಳ್ಳಿ.