ಮಿನಿ ಟ್ರ್ಯಾಕ್ಟರ್‌ಗೆ ಟಾಪ್ ಬೇಕೇ ಬೇಡವೇ: ಅಳತೆ ಹಿಡಿದು ಮಾಡಿದ ತೀರ್ಮಾನ

ಟಾಪ್, ಅಂದರೆ ಚಾಲಕನ ತಲೆಯ ಮೇಲಿನ ನೆರಳಿನ ಛಾವಣಿ, ಹಾಕಿಸುವ ಮಾತು ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಮೇಲಿನ ಹಾಳೆಯ ಕಡೆಗೆ: ಫೈಬರ್ ಒಳ್ಳೆಯದೋ, ತಗಡೋ, ಕ್ಯಾನ್ವಾಸೋ ಅಂತ. ನಾನು ಮೊದಲು ನೋಡಿದ್ದು ರೋಲ್ ಬಾರನ್ನು, ಅಂದರೆ ಟ್ರ್ಯಾಕ್ಟರ್ ಮಗುಚಿದಾಗ ಚಾಲಕನನ್ನು ಕಾಯಲು ಸೀಟಿನ ಹಿಂದೆ ನಿಲ್ಲಿಸಿರುವ ಉಕ್ಕಿನ ಕಮಾನನ್ನು. ಅದಿರುವ ಮಿನಿ ಟ್ರ್ಯಾಕ್ಟರಿನಲ್ಲಿ ಟಾಪಿಗೆ ಮುಖ್ಯ ಆಧಾರ ಅದೇ. ಅದು ಮಡಚುವಂಥದ್ದೋ ಅಲ್ಲವೋ, ಎಷ್ಟು ಎತ್ತರ ಇದೆ, ಸೀಟಿನಿಂದ ಎಷ್ಟು ಹಿಂದೆ ನಿಂತಿದೆ, ಇಷ್ಟು ಗೊತ್ತಾದರೆ ಟಾಪ್ ಬೇಕೋ ಬೇಡವೋ ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ.

ಮೊದಲು ಎತ್ತರ. ಬಾರ್ ನೆಟ್ಟಗೆ ನಿಲ್ಲಿಸಿ, ಸಮತಟ್ಟಾದ ಜಾಗದಲ್ಲಿ ನೆಲದಿಂದ ತುದಿಯವರೆಗೆ ಟೇಪ್ ಹಿಡಿಯಿರಿ. ಅದಕ್ಕೆ 15 ಸೆಂ.ಮೀ. ಸೇರಿಸಿ: ಬ್ರ್ಯಾಕೆಟ್, ಹಾಳೆಯ ಉಬ್ಬು ಎಲ್ಲ ಸೇರಿ ಅಷ್ಟು ಏರುತ್ತದೆ. ಶೆಡ್ಡಿನ ಬಾಗಿಲಿನ ತೊಲೆ ಅದಕ್ಕಿಂತ ಕನಿಷ್ಠ 10 ಸೆಂ.ಮೀ. ಮೇಲಿರಬೇಕು. ಹೊರಗಿನ ನೆಲ ಬಾಗಿಲ ಕಡೆಗೆ ಇಳಿಜಾರಾಗಿದ್ದರೆ ಅಷ್ಟೂ ಸಾಲದು. ಮುಂದಿನ ಗಾಲಿ ಕೆಳಗಿಳಿದು ಹಿಂದಿನ ಗಾಲಿ ಇನ್ನೂ ಮೇಲಿರುವಾಗ ಟಾಪ್ ಅಳೆದದ್ದಕ್ಕಿಂತ ಎತ್ತರದಲ್ಲಿದ್ದು ತೊಲೆಗೆ ತಾಗುತ್ತದೆ. ನೆಟ್ಟಗೆ ನಿಲ್ಲಿಸಿ ಅಳೆದವರು ಸೋಲುವುದು ಇಲ್ಲೇ.

ಇನ್ನು ಮಡಚುವ ಬಾರ್. ಮರಗಳ ಕೆಳಗೆ ನುಗ್ಗಿ ಕೆಲಸ ಮಾಡಲೆಂದೇ ಅದನ್ನು ಮಡಚುವ ಹಾಗೆ ಮಾಡಿರುವುದು. ಟಾಪ್ ಕೂತರೆ ಮಡಚುವುದು ಮುಗಿಯಿತು. ಪ್ರತಿ ಸಲವೂ ಟಾಪ್ ಬಿಚ್ಚಿಯೇ ಮಡಚಬೇಕು. ವಾರಕ್ಕೆ ಎರಡು ಮೂರು ದಿನ ಕೊಂಬೆಗಳ ಕೆಳಗೆ ಓಡಿಸುವವರು ಟಾಪಿನ ಆಸೆ ಬಿಟ್ಟು ಅಗಲ ಅಂಚಿನ ಟೋಪಿ, ತುಂಬು ತೋಳಿನ ಹತ್ತಿ ಅಂಗಿ ಹಾಕಿಕೊಳ್ಳುವುದೇ ಸರಿ ಎಂಬುದು ನನ್ನ ಲೆಕ್ಕ. ಇನ್ನೊಂದು ಮಾತು: ಬಾರ್ ನಿಂತಿರುವಾಗ ಸೀಟ್ ಬೆಲ್ಟ್ ಕಡ್ಡಾಯ, ಮಡಚಿದಾಗ ಬೆಲ್ಟ್ ಹಾಕಬಾರದು. ಟಾಪ್ ಇದೆ ಅಂತ ಈ ನಿಯಮ ಬದಲಾಗುವುದಿಲ್ಲ.

ನೆರಳು ನಿಜಕ್ಕೂ ಎಷ್ಟು ಸಿಗುತ್ತದೆ? ಇದನ್ನು ರಟ್ಟು ಕಟ್ಟಿ ನೋಡಿದೆ. 120 ಸೆಂ.ಮೀ. ಉದ್ದ, 110 ಸೆಂ.ಮೀ. ಅಗಲದ ರಟ್ಟಿಗೆ ಅಡಿಯಲ್ಲಿ ಎರಡು ಗಳ ಕಟ್ಟಿ, ಅದನ್ನು ಬಾರಿಗೆ ಹಗ್ಗದಿಂದ ಬಿಗಿದು, ಗಾಳಿ ಇಲ್ಲದ ದಿನ ಟ್ರ್ಯಾಕ್ಟರನ್ನು ನಿಲ್ಲಿಸಿದ್ದಲ್ಲೇ ಬಿಟ್ಟು ಗಂಟೆಗೊಮ್ಮೆ ಸೀಟಿನ ಮೇಲೆ ಕೂತು, ಬಿಸಿಲು ಮೈಮೇಲೆ ಎಲ್ಲಿಯವರೆಗೆ ಬಂದಿದೆ ಎಂದು ಗುರುತು ಹಾಕಿಕೊಂಡೆ. ಲೆಕ್ಕವೂ ಸರಳ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದರೆ ಟಾಪಿನಿಂದ ಎಷ್ಟು ಕೆಳಗಿದ್ದೀರೋ ನೆರಳು ಅಷ್ಟೇ ದೂರ ಪಕ್ಕಕ್ಕೆ ಸರಿಯುತ್ತದೆ. ತೊಡೆ ಟಾಪಿಗಿಂತ 90 ಸೆಂ.ಮೀ. ಕೆಳಗೆ, ಟಾಪಿನ ಅರ್ಧ ಅಗಲ 55 ಸೆಂ.ಮೀ. ಅಂದಮೇಲೆ ಪಕ್ಕದಿಂದ ಬಿಸಿಲು ಹೊಡೆದಾಗ ತೊಡೆ, ಕೈ ಎರಡೂ ಬಯಲಲ್ಲೇ. 60 ಡಿಗ್ರಿಗೆ ಏರಿದಾಗ ನೆರಳು 52 ಸೆಂ.ಮೀ. ಸರಿಯುತ್ತದೆ, ತೊಡೆ ಅಂಚಿನಲ್ಲಿ ಅಷ್ಟಿಷ್ಟು ಒಳಗೆ ಬರುತ್ತದೆ. 30 ಡಿಗ್ರಿಯಲ್ಲಿ ನೆತ್ತಿಗೆ ಮಾತ್ರ ನೆರಳು, ಮುಖಕ್ಕೆ ಇಲ್ಲ. ಹಾಗಾಗಿ ಬೆಳಗ್ಗೆ ಬೇಗ ಶುರುಮಾಡಿ ಹತ್ತರೊಳಗೆ ಮುಗಿಸಿ, ಮತ್ತೆ ನಾಲ್ಕರ ಮೇಲೆ ಹತ್ತುವವರಿಗೆ ಟಾಪಿನಿಂದ ಆಗುವ ಉಪಯೋಗ ತೀರಾ ಕಡಿಮೆ. ನಡುಹಗಲಲ್ಲಿ ಮಣ್ಣು ಪುಡಿಮಾಡುವ ರೋಟವೇಟರ್ ಓಡಿಸುವವರಿಗೆ, ಗಂಟೆಗಟ್ಟಲೆ ಹುಲ್ಲು ಕತ್ತರಿಸುವವರಿಗೆ ಅದು ಬೇಕೇ ಬೇಕು.

ರಟ್ಟು ಕಟ್ಟಿದಾಗಲೇ ತಲೆಯ ಅಂತರವನ್ನೂ ನೋಡಿಕೊಳ್ಳಿ. ಟೋಪಿ ಹಾಕಿ ನೆಟ್ಟಗೆ ಕೂತಾಗ ಮೇಲೆ 15 ಸೆಂ.ಮೀ. ಜಾಗ ಇರಲಿ. ಸೀಟಿಗೆ ಸ್ಪ್ರಿಂಗ್ ಇದ್ದರೆ ಅದು ಮೇಲಕ್ಕೆ ಚಿಮ್ಮುವಷ್ಟನ್ನೂ ಸೇರಿಸಿ.

ಈಗ ಭಾರ. 1 ಮಿ.ಮೀ. ಉಕ್ಕಿನ ತಗಡು ಚದರ ಮೀಟರಿಗೆ 7.85 ಕೆ.ಜಿ., ಅದೇ ದಪ್ಪದ ಅಲ್ಯೂಮಿನಿಯಂ 2.7 ಕೆ.ಜಿ. ತಗಡು ಒಂದೇ ಆದರೆ ಪರವಾಗಿಲ್ಲ, ಅದರ ಅಡಿಗೆ ಚೌಕ ಪೈಪಿನ ಚೌಕಟ್ಟು ಬಂದಾಗ ಉಕ್ಕಿನ ಟಾಪ್ ಸಲೀಸಾಗಿ 20 ಕೆ.ಜಿ. ದಾಟುತ್ತದೆ. 900 ಕೆ.ಜಿ. ಟ್ರ್ಯಾಕ್ಟರಿನ ಗುರುತ್ವ ಕೇಂದ್ರ ನೆಲದಿಂದ 70 ಸೆಂ.ಮೀ. ಮೇಲಿದೆ, ಟಾಪ್ 2.2 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. 15 ಕೆ.ಜಿ. ಟಾಪ್ ಆ ಕೇಂದ್ರವನ್ನು ಸುಮಾರು 2.5 ಸೆಂ.ಮೀ. ಮೇಲೆತ್ತುತ್ತದೆ, 45 ಕೆ.ಜಿ.ಯದು 7 ಸೆಂ.ಮೀ. ಸಮತಟ್ಟಿನಲ್ಲಿ ಗೊತ್ತಾಗುವುದಿಲ್ಲ, ಬದುವಿಗೆ ಅಡ್ಡಲಾಗಿ ಇಳಿಜಾರಿನಲ್ಲಿ ಹೋಗುವಾಗ ಗೊತ್ತಾಗುತ್ತದೆ. ಸಾಲದ್ದಕ್ಕೆ ಬಾರ್ ಸೀಟಿನ ಹಿಂದೆ ಇರುವುದರಿಂದ ಟಾಪ್ ಮುಂದಕ್ಕೆ ಚಾಚಿ ನೇತಾಡುತ್ತದೆ. ಭಾರದ ಕೇಂದ್ರ ಬಾರಿನಿಂದ 40 ಸೆಂ.ಮೀ. ಮುಂದಿದ್ದರೆ, ಗುಂಡಿಗೆ ಬಿದ್ದಾಗ 15 ಕೆ.ಜಿ. ಮೂರು ಪಟ್ಟಾಗಿ ಬ್ರ್ಯಾಕೆಟ್ಟನ್ನು ತಿರುಚುತ್ತದೆ. ಮುರಿಯುವುದು ಹಾಳೆಯ ನಡುವೆ ಅಲ್ಲ, ಈ ಬ್ರ್ಯಾಕೆಟ್ಟಿನ ಮೂಲೆಯಲ್ಲಿ. 20 ಕೆ.ಜಿ. ಒಳಗೆ ಇರಬೇಕು ಎಂದು ಗೆರೆ ಎಳೆದುಕೊಂಡೆ. ಉಕ್ಕಿನ ತಗಡು ಅಲ್ಲಿಗೇ ಪಟ್ಟಿಯಿಂದ ಹೊರಗೆ.

ತಗಡಿಗೆ ಇನ್ನೊಂದು ದೋಷ ಇದೆ. ಬಣ್ಣ ಗಾಢವಾಗಿದ್ದರೆ ಮಧ್ಯಾಹ್ನ ಅದು ಕಾದ ಕಾವಲಿಯಾಗಿ ಮೇಲಿನಿಂದ ನೆತ್ತಿಯ ಮೇಲೆ ಶಾಖ ಸುರಿಸುತ್ತದೆ. ಬಿಸಿಲು ತಪ್ಪಿತು, ಸೆಕೆ ತಪ್ಪಲಿಲ್ಲ. ಮೇಲ್ಮೈ ಬಿಳಿ ಇರಲಿ. ಅಡಿಗೆ 6ರಿಂದ 10 ಮಿ.ಮೀ. ದಪ್ಪದ, ನೀರು ಹೀರದ ಫೋಮ್ ಅಂಟಿಸಿದರೆ ಶಾಖವೂ ತಗ್ಗುತ್ತದೆ, ಹಾಳೆ ಡೋಲಿನ ಹಾಗೆ ಗುಂಯ್‌ಗುಡುವುದೂ ನಿಲ್ಲುತ್ತದೆ. ಕ್ಯಾನ್ವಾಸ್ ಹಗುರ, ಬಿಚ್ಚುವುದು ಸುಲಭ, ಆದರೆ ಸಡಿಲಾದ ಕಡೆ ಮಳೆನೀರು ನಿಂತು ಜೋಲುತ್ತದೆ, ಹೊಲಿಗೆಯ ದಾರ ಬಟ್ಟೆಗಿಂತ ಮೊದಲೇ ಬಿಸಿಲಿಗೆ ಸವೆಯುತ್ತದೆ. ಕೊಡೆ ಸಿಕ್ಕಿಸುವುದು ಗಾಳಿ ಬೀಸುವವರೆಗೆ ಮಾತ್ರ. ನಾನು ಒಪ್ಪಿದ್ದು ಬಿಸಿಲು ತಡೆಯುವ ದಪ್ಪ ಪ್ಲಾಸ್ಟಿಕ್ಕಿನ ಟಾಪ್.

ಜೋಡಿಸುವಾಗ ಒಂದೇ ಒಂದು ಕಟ್ಟುನಿಟ್ಟು: ರೋಲ್ ಬಾರಿಗೆ ತೂತು ಕೊರೆಯಬಾರದು, ವೆಲ್ಡಿಂಗ್ ಮಾಡಿಸಬಾರದು. ಟ್ರ್ಯಾಕ್ಟರ್ ಮಗುಚಿದಾಗ ಬಾರ್ ಮುರಿಯದೆ ಬಾಗುತ್ತ ಪೆಟ್ಟನ್ನು ನುಂಗಬೇಕು. ತೂತಿನ ಅಂಚು, ವೆಲ್ಡಿಂಗಿನ ಬಿಸಿ ತಾಗಿದ ಪಟ್ಟಿ, ಇವೇ ಸೀಳು ಹುಟ್ಟುವ ಜಾಗ. ಹಾಗೆ ಕೈಹಾಕಿದ ಬಾರಿಗೆ ಮೂಲ ಪರೀಕ್ಷೆಯ ಮಾನ್ಯತೆಯೂ ಉಳಿಯುವುದಿಲ್ಲ. ಯು-ಬೋಲ್ಟ್ ಅಥವಾ ಎರಡು ತಟ್ಟೆಗಳ ಕ್ಲ್ಯಾಂಪ್ ಮಾತ್ರ ಬಳಸಿ. ಬಾರಿನ ಪೈಪ್ 50×50 ಮಿ.ಮೀ. ಆಗಿರಬಹುದು, 50×75 ಮಿ.ಮೀ. ಆಗಿರಬಹುದು. ಕ್ಯಾಲಿಪರ್ ಹಿಡಿದು ಅಳೆದೇ ಯು-ಬೋಲ್ಟ್ ತನ್ನಿ. ಚೌಕ ಪೈಪಿಗೆ ದುಂಡು ಯು-ಬೋಲ್ಟ್ ಹಾಕಿದರೆ ಎರಡು ಮೂಲೆಗಳ ಮೇಲೆ ಮಾತ್ರ ಕೂತು, ವಾರದಲ್ಲಿ ಸಡಿಲವಾಗುತ್ತದೆ.

ನಾನು ಹಾಕಿದ್ದು ಒಂದೊಂದು ಕಡೆಗೆ ಎರಡರಂತೆ ನಾಲ್ಕು ಎಂ10 (10 ಮಿ.ಮೀ. ದಪ್ಪದ) ಚೌಕ ಯು-ಬೋಲ್ಟ್, ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ, ಬೇಗ ಸಡಿಲಾಗದ ನಟ್), ಪೈಪಿಗೂ ಕ್ಲ್ಯಾಂಪಿಗೂ ನಡುವೆ 3 ಮಿ.ಮೀ. ರಬ್ಬರ್ ಹಾಳೆ. ರಬ್ಬರ್ ಬಣ್ಣ ಕಾಯುತ್ತದೆ, ಜಾರದಂತೆಯೂ ಹಿಡಿಯುತ್ತದೆ. ನಟ್ಟುಗಳನ್ನು ಒಂದೇ ಸಲ ಪೂರ್ತಿ ಬಿಗಿಯದೆ, ಎಡಬಲ ಸರದಿಯಲ್ಲಿ ಅಷ್ಟಷ್ಟೇ ಬಿಗಿಯುತ್ತ ಬನ್ನಿ. ಟಾಪಿನ ತೂತುಗಳನ್ನು ಬೋಲ್ಟಿಗಿಂತ 3 ಮಿ.ಮೀ. ದೊಡ್ಡದಾಗಿ ಕೊರೆದು, 30 ಮಿ.ಮೀ. ಅಗಲದ ವಾಷರ್, ಅದರಡಿ ರಬ್ಬರ್ ವಾಷರ್ ಕೊಡಿ. ಪ್ಲಾಸ್ಟಿಕ್ ಬಿಸಿಲಿಗೆ ಉಕ್ಕಿಗಿಂತ ಎಷ್ಟೋ ಪಟ್ಟು ಹಿಗ್ಗುತ್ತದೆ. 1.2 ಮೀಟರ್ ಹಾಳೆ ಬೆಳಗಿನಿಂದ ಮಧ್ಯಾಹ್ನಕ್ಕೆ ಕೆಲವು ಮಿ.ಮೀ. ಬೆಳೆಯುತ್ತದೆ, ತೂತಿನಲ್ಲಿ ಜಾಗ ಇಲ್ಲದಿದ್ದರೆ ಬೋಲ್ಟ್ ಸುತ್ತ ಮೊದಲು ಬಿಳಿ ಗೆರೆ ಮೂಡುತ್ತದೆ, ಆಮೇಲೆ ಅದೇ ಬಿರುಕು. ಬೋಲ್ಟಿನ ತಲೆ ಕೆಳಗೆ, ನಟ್ ಮೇಲೆ ಬರಲಿ. ಚಾಚಿಕೊಂಡ ಬೋಲ್ಟ್ ತುದಿ ಚಾಲಕನ ನೆತ್ತಿಯ ನೇರಕ್ಕೆ ಇರುವ ಟಾಪುಗಳು ಬೇಕಾದಷ್ಟಿವೆ.

ಟಾಪ್ ಕೂತಮೇಲೆ ಕೇಳುವ ಕಟಕಟ ಸದ್ದು ಬಹಳ ಸಲ ಟಾಪಿನದ್ದಲ್ಲ, ಬಾರ್ ಮಡಚುವ ಪಿನ್ನಿನದ್ದು. ಮೊದಲೂ ಇದ್ದ ಆಟ (ಸಡಿಲ ಅಲುಗಾಟ) ಈಗ ಭಾರ ಬಿದ್ದು ಜಾಸ್ತಿಯಾಗುತ್ತದೆ. ಪಿನ್ ಪಕ್ಕ ತುಕ್ಕಿನ ಕಂದು ಪುಡಿ ಉದುರಿದ್ದರೆ ಅದೇ ಸಾಕ್ಷಿ. ಬಾರಿನಲ್ಲಿ ಆಟ ಹಿಡಿಯುವ ಬೋಲ್ಟ್ ಕೊಟ್ಟಿದ್ದರೆ ಅದನ್ನು ಬಿಗಿಯಿರಿ, ಸವೆದ ಪಿನ್ ಬದಲಿಸಿ.

ಹಿಂದಕ್ಕೆ 5 ಸೆಂ.ಮೀ. ಇಳಿಜಾರು ಕೊಟ್ಟರೆ ಮಳೆನೀರು ಹಿಂದೆ ಉಪಕರಣ ಸಿಕ್ಕಿಸುವ ಹಿಚ್ ಮೇಲೆ ಬೀಳುತ್ತದೆ, ಮಡಿಲಿಗಲ್ಲ. ಹಿಂದಿನ ಅಂಚು ಸೀಟಿನ ಬೆನ್ನಿಗಿಂತ ಹೊರಗಿರಲಿ, ಇಲ್ಲವಾದರೆ ಧಾರೆ ನೇರ ಕುತ್ತಿಗೆಗೆ. ಜೊತೆಗೆ ಹಿಂದಿನ ಉಪಕರಣವನ್ನು ಪೂರ್ತಿ ಮೇಲೆತ್ತಿ ಅಂಚಿಗೆ ತಾಗುತ್ತದೆಯೇ ನೋಡಿ. ಮುಂದೆ ಲೋಡರ್ ಇದ್ದವರು ಬಕೆಟ್ ಪೂರ್ತಿ ಎತ್ತಿ, ಸೀಟಿನಿಂದ ಅದರ ತುಟಿ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು. ಬಕೆಟ್ಟಿನಿಂದ ಜಾರಿ ಬೀಳುವ ಕಲ್ಲು, ದಿಮ್ಮಿಗಳನ್ನು ಈ ಟಾಪ್ ತಡೆಯುವುದಿಲ್ಲ. ಅದಕ್ಕೆಂದೇ ಪರೀಕ್ಷೆಯಾದ ಛಾವಣಿ ಬೇರೆಯೇ ಇದೆ.

ಟ್ರ್ಯಾಕ್ಟರನ್ನು ಲಾರಿಯಲ್ಲೋ ಟ್ರೇಲರಿನಲ್ಲೋ ಸಾಗಿಸುವುದಿದ್ದರೆ ಟಾಪ್ ಬಿಚ್ಚಿ ಇಡಿ. ಗಂಟೆಗೆ 80 ಕಿ.ಮೀ. ವೇಗದ ಗಾಳಿ ಒಂದೂವರೆ ಚದರ ಮೀಟರ್ ಹಾಳೆಗೆ 45 ಕೆ.ಜಿ.ಯಷ್ಟು ಒತ್ತಡ ಹಾಕಬಲ್ಲದು, ಮುಂದಿನ ಅಂಚು ಎತ್ತರವಾಗಿದ್ದರೆ ಅದು ಮೇಲಕ್ಕೇ ಎಳೆಯುತ್ತದೆ.

ಮೊದಲ ಒಂದು ಗಂಟೆ ಓಡಿದ ಮೇಲೆ ನಟ್ ಬಿಗಿ ನೋಡಿ, ಮತ್ತೆ ಹತ್ತು ಗಂಟೆಗೆ, ಆಮೇಲೆ ಆಯಿಲ್ ಬದಲಿಸುವಾಗಲೆಲ್ಲ. ನಟ್ಟಿನಿಂದ ಕ್ಲ್ಯಾಂಪಿನವರೆಗೆ ಪೇಂಟಿನ ಗೆರೆ ಎಳೆದಿಟ್ಟರೆ ಸ್ಪ್ಯಾನರ್ ಹಿಡಿಯದೆಯೇ ಸಡಿಲಾದದ್ದು ಕಾಣುತ್ತದೆ. ಹಾಳೆಯಲ್ಲಿ ಬಿರುಕು ಕಂಡರೆ ಅದರ ತುದಿಯಲ್ಲಿ 4 ಮಿ.ಮೀ. ತೂತು ಕೊರೆಯಿರಿ, ಬಿರುಕು ಅಲ್ಲಿಗೆ ನಿಲ್ಲುತ್ತದೆ. ಬಳಿಕ ಅಡಿಯಿಂದ ಅಲ್ಯೂಮಿನಿಯಂ ಪಟ್ಟಿ ಕೊಟ್ಟು ರಿವೆಟ್ ಹೊಡೆಯಿರಿ. ಬಿರುಕು ಬ್ರ್ಯಾಕೆಟ್ಟಿನಲ್ಲಿ ಕಂಡರೆ ಮಾತ್ರ ರಿಪೇರಿ ಬೇಡ, ಹೊಸದೇ ಹಾಕಿ.